ಕಡಲಾಚೆಯ ತವರ ತಂದ ಚೆನ್ನಾಜಿ

ಕಾಲು ಚಾಚ್ಕೊಂಡು ಮಲಕ್ಕೋ, ಹೇಳ್ತೀನಿ. ನಮ್ಮಜ್ಜಿಯ ಅಜ್ಜಿಗೂ ಹಿಂದಿನ ಕಾಲದಲ್ಲಿ ಕಂಚಿನಹಳ್ಳಿ ಅಂತ ಒಂದೂರಿತ್ತಂತೆ. ಊರಿಗೂರೇ ಕಂಚಿನ ಪಾತ್ರೆ ಮಾಡೋರು. ಕಂಚಾಗಬೇಕಾದ್ರೆ ತಾಮ್ರಕ್ಕೆ ತವರ ಬೆರೆಸಬೇಕಲ್ಲ, ತಾಮ್ರ ಅಲ್ಲೇ ಗುಡ್ಡದಲ್ಲಿ ಸಿಗ್ತಿತ್ತು, ತವರ ಮಾತ್ರ ಕಡಲಾಚೆಯ ದ್ವೀಪದಿಂದ ಬರಬೇಕು. ಅದನ್ನ ಹಡಗಲ್ಲಿ ತರೋನು ಒಬ್ಬನೇ ಸಾಹುಕಾರ. ಒಂದು ವರ್ಷ ತವರ ಬರಲೇ ಇಲ್ಲವಂತೆ. ಆಮೇಲೆ ಒಂದೊಂದೇ ಮನೆಯ ಕುಲುಮೆ ಆರ್ತಾ ಬಂತು.

ಅಲ್ಲಿ ಮೋನಾಚಾರಿ ಅಂತ ಹಿರಿಯ ಕಂಚುಗಾರ, ಅವನಿಗೆ ಮೂರು ಮಕ್ಕಳು. ದೊಡ್ಡವನು ಈರಾಚಾರಿ ಬಂದರಿಗೆ ಹೋಗಿ ಸಾಹುಕಾರನ್ನ ಕೇಳಿದ್ದಕ್ಕೆ, ಉಗ್ರಾಣದಲ್ಲಿ ಉಳಿದಿರೋದನ್ನ ಕೊಡ್ತೀನಿ, ಆದ್ರೆ ಇನ್ಮೇಲೆ ನೀವು ಮಾಡಿದ್ದೆಲ್ಲ ನಾನು ಹೇಳಿದ ಬೆಲೆಗೆ ನನಗೇ ಕೊಡಬೇಕು ಅಂದನಂತೆ. ಊರು ಒಪ್ಪಲಿಲ್ಲ. ಆಮೇಲೆ ನಡುವಿನವನು ಬೊಮ್ಮಾಚಾರಿ ಇನ್ನೊಂದು ಬಂದರಿಗೆ ಹೋಗಿ, ಹಿಗ್ಗಿಂದ ಮೂಟೆ ಹೊರಿಸ್ಕೊಂಡು ಬಂದ. ಕರಗಿಸಿ ನೋಡಿದ್ರೆ ತವರ ಅಲ್ಲ, ಸೀಸ! ಪಾಪ, ಅವತ್ತು ಅವನು ಊಟಕ್ಕೂ ಏಳಲಿಲ್ಲವಂತೆ.

ಆಗ ಕೊನೇ ಮಗಳು ಚೆನ್ನಾಜಿ, ಅಪ್ಪಾ, ನಾನು ದ್ವೀಪಕ್ಕೇ ಹೋಗಿ ಕೇಳ್ತೀನಿ ಅಂದ್ಲು. ಹುಚ್ಚಾ ನಿನಗೆ, ಕಡಲು ಅಂದ್ರೆ ಊರ ಕೆರೆ ಅಂದ್ಕೊಂಡ್ಯಾ ಅಂತ ಮೋನಾಚಾರಿ ಬೈದ. ಬೈದು, ಆಮೇಲೆ ತಾನೇ ಬುತ್ತಿ ಕಟ್ಟಿಕೊಟ್ಟ. ತಾನು ಉಣ್ಣೋ ಕಂಚಿನ ಗಂಗಳ ಕಂಕುಳಲ್ಲಿಟ್ಕೊಂಡು ಅವಳು ಆ ಕಡೆ ಹೋಗೋ ಬೇರೆ ಯಾರದೋ ಹಡಗು ಹತ್ತಿದಳಂತೆ.

ದ್ವೀಪಕ್ಕೆ ಒಡತಿ ಒಬ್ಬ ಮುದುಕಿ. ತವರ ಅಂದಿದ್ದೇ ತಡ, ಮುಖ ಕೆಂಪಾಯ್ತು. ನಿಮ್ಮ ಸಾಹುಕಾರ ತವರ ತುಂಬ್ಕೊಂಡು ಹುಳ ಹಿಡಿದ ಅಕ್ಕಿ ಕೊಟ್ಟ, ನಮ್ಮ ಮಕ್ಕಳು ಹೊಟ್ಟೆ ಹಿಡ್ಕೊಂಡು ಹೊರಳಾಡಿದವು, ಇನ್ನು ಯಾರಿಗೂ ಕೊಡಲ್ಲ, ನಾಳೆ ಹೊರಡು ಅಂದ್ಲು.

ಬೆಳಗಾದ್ರೆ ಕಡಲ ಮೇಲೆ ದಟ್ಟ ಮಂಜು. ಮೀನಿಗೆ ಹೋದ ದೋಣಿಗಳಿಗೆ ದಡ ಕಾಣ್ತಿಲ್ಲ, ಸುತ್ತ ಬರೀ ಬಂಡೆ. ಮುದುಕಿಯ ಮೊಮ್ಮಗನೂ ಅದರಲ್ಲೊಂದು ದೋಣೀಲಿದ್ದ. ಹೆಂಗಸರು ಕೂಗಿ ಕೂಗಿ ಗಂಟಲು ಕಟ್ಟಿತು. ಚೆನ್ನಾಜಿ ಓಡಿಹೋಗಿ ಗಂಗಳ ತಂದು, ಕಲ್ಲು ತಗೊಂಡು ಬಡಿಯೋಕೆ ಶುರು ಮಾಡಿದಳಂತೆ, ಖಣ್, ಖಣ್, ಖಣ್. ಅಂಗೈ ಒಡೆದು ರಕ್ತ ಬಂದ್ರೂ ಬಿಡಲಿಲ್ಲ. ಆಮೇಲೆ ಆ ಸದ್ದು ಹಿಡ್ಕೊಂಡು ಒಂದು ದೋಣಿ ಬಂತು, ಅದರ ಹಿಂದೆ ಇನ್ನೊಂದು, ಎಲ್ಲಕ್ಕಿಂತ ಕೊನೇಲಿ ಮೊಮ್ಮಗನದು.

ಇದೇನಮ್ಮ ಇದು ಅಂತ ಮುದುಕಿ ಕೇಳಿದಳು.

ನಿಮ್ಮ ತವರ, ನಮ್ಮ ತಾಮ್ರ, ಅಜ್ಜಿ.

ಮುದುಕಿ ಗಂಗಳ ಸವರಿ, ನಮ್ಮ ಮಣ್ಣಿಗೆ ಇಂಥ ದನಿ ಇದೆಯಾ ಅಂತ ಕಣ್ಣು ತುಂಬ್ಕೊಂಡಳಂತೆ. ಇಲ್ಲೀವರೆಗೆ ನಮಗೆ ಯಾರೂ ತೋರಿಸೇ ಇರಲಿಲ್ಲ ಅಂದ್ಲು.

ಚೆನ್ನಾಜಿ ಹೇಳಿದಳು, ನಾವೇ ಬರ್ತೀವಿ, ಒಳ್ಳೇ ಅಕ್ಕಿ ತರ್ತೀವಿ, ದೋಣಿಗೊಂದು ಗಂಟೆ ಮಾಡ್ಕೊಡ್ತೀವಿ, ನೀವು ವರ್ಷಾ ವರ್ಷಾ ತವರ ಕೊಡಿ, ನಡುವೆ ಯಾರೂ ಬೇಡ. ಮುದುಕಿ ಅವಳ ಗಾಯದ ಕೈಗೆ ತನ್ನ ಸೆರಗು ಹರಿದು ಕಟ್ಟಿ, ಆಗಲಿ ಮಗಳೇ ಅಂದ್ಲಂತೆ.

ತವರ ತುಂಬಿದ ಹಡಗು ಬಂದ ದಿನ ಮೋನಾಚಾರಿ ಕುಲುಮೆಗೆ ಬೆಂಕಿ ಹಾಕಿದ. ಆಮೇಲೆ ಪಕ್ಕದ ಮನೆ, ಅದರಾಚೆ ಮನೆ. ಸಂಜೆ ಹೊತ್ತಿಗೆ ಸುತ್ತಿಗೆ ಸದ್ದಲ್ಲಿ ಊರಲ್ಲಿ ಯಾರಿಗೂ ಯಾರ ಮಾತೂ ಕೇಳಿಸಲಿಲ್ಲವಂತೆ, ಆದರೂ ಎಲ್ಲರೂ ನಗ್ತಾ ಮಾತಾಡ್ತಾನೇ ಇದ್ದರಂತೆ.

ಅಷ್ಟೇ ಕತೆ, ಅವರೆಲ್ಲ ಅಲ್ಲಿ ಸುಖವಾಗಿದಾರೆ, ನೀನಿಲ್ಲಿ ಕಣ್ಣು ಮುಚ್ಚು.