ಮೀನಿಗೊಂದು ಪರದೆ

ಮೀನು ಕಾಳನ್ನು ಬಾಯಿಗೆ ತೆಗೆದುಕೊಂಡಿತು. ಒಂದು ಗಳಿಗೆ ಯೋಚಿಸಿತು. ಉಗುಳಿತು.

"ಮತ್ತೆ ಉಗುಳ್ತು," ಎಂದಳು ಕುಮುದಾ.

ಹೊಳೆ ದಡದ ಆ ಆಶ್ರಮದಲ್ಲಿ ಅವಳೇ ಕಿರಿಯ ಶಿಷ್ಯೆ. ಕಳೆದ ಆಷಾಢದಲ್ಲಿ ಬಂದವಳು. ಮಾತು ಕಡಿಮೆ. ನಾಲ್ಕು ಜನರ ಎದುರು ಊಟಕ್ಕೆ ಕೂತರೆ ಇಂದಿಗೂ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು.

ಊರು ಬಿಟ್ಟು ಹೊರಟಿದ್ದ ಒಂದು ಕುಟುಂಬ ಈ ಮೀನನ್ನು ಗಾಜಿನ ಜಾಡಿ, ಮೀನಿನ ಕಾಳಿನ ಡಬ್ಬಿ ಸಮೇತ ಜಗಲಿಯ ಮೇಲಿಟ್ಟು, ಕೈಮುಗಿದು ಹೋಗಿತ್ತು. ಗುರುಗಳು ಜಾಡಿಯನ್ನು ಕುಮುದಾಳ ಕೈಗೆ ಕೊಟ್ಟಿದ್ದರು.

"ಇದು ನಿನ್ನದು. ನೋಡ್ಕೋ."

ಅಷ್ಟೇ ಹೇಳಿದ್ದು. ಒಂದು ಜೀವವನ್ನು ಅವಳೊಬ್ಬಳನ್ನೇ ನಂಬಿ ಯಾರಾದರೂ ಒಪ್ಪಿಸಿದ್ದು ಅದೇ ಮೊದಲು.

ನೀಲಿ ಮೈ, ಕೆಂಪಂಚಿನ ರೆಕ್ಕೆ. ರೇಷ್ಮೆ ಸೀರೆಯ ಸೆರಗು ನೀರಿನಲ್ಲಿ ಬಿಚ್ಚಿಕೊಂಡ ಹಾಗೆ.

"ಏನಮ್ಮ ಇದರ ಹೆಸರು?" ಅಡುಗೆಯ ಶೇಷಣ್ಣ ಬಗ್ಗಿ ನೋಡಿದ.

"ಬೆಟ್ಟಾ ಮೀನು."

"ಹೆಬ್ಬೆರಳಷ್ಟಿಲ್ಲ, ಬೆಟ್ಟವಂತೆ! ಒಂದು ಚೂರು ಉಪ್ಪಿಟ್ಟು ಹಾಕಿ ನೋಡು. ನನ್ನ ಉಪ್ಪಿಟ್ಟು ಬೇಡ ಅಂದೋರು ಇಲ್ಲ."

"ಅದು ಉಪ್ಪಿಟ್ಟು ತಿನ್ನಲ್ಲ ಶೇಷಣ್ಣ."

"ಹಾಗಾದ್ರೆ ರುಚಿ ಗೊತ್ತಿಲ್ಲದ ಪ್ರಾಣಿ, ಬಿಡು."

ಕುಮುದಾ ಕಾಳನ್ನು ನೆನೆಸಿ ಹಾಕಿದಳು. ಉಗುಳಿತು. ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಸಾಸಿವೆಯಷ್ಟು ಮಾಡಿ ಹಾಕಿದಳು. ಹತ್ತಿರ ಬಂದು ನೋಡಿ, ಬಾಲ ತಿರುಗಿಸಿ ಹೋಯಿತು.

ಹಾಕಿದ್ದೆಲ್ಲ ತಳ ಸೇರುತ್ತಿತ್ತು. ಮೀನಿನ ಹೊಟ್ಟೆ ದಿನದಿನಕ್ಕೂ ಒಳಗೆ ಹೋಗುತ್ತಿತ್ತು.

ಗುರುಗಳು ಕಂಬಕ್ಕೆ ಒರಗಿ ದೀಪದ ಬತ್ತಿ ಹೊಸೆಯುತ್ತಿದ್ದರು. ಅವಳು ಹೋಗಿ ನಿಂತಳು.

"ಗುರುಗಳೇ, ಮೀನು ಏನೂ ತಿನ್ತಿಲ್ಲ."

"ಅದಕ್ಕೆ ಏನು ಇಷ್ಟವಂತೆ?"

"ಹುಳ ತಿನ್ನೋ ಜಾತಿ ಅದು." ಅವಳ ದನಿ ಇಳಿಯಿತು. "ಆದ್ರೆ ಇದು ಆಶ್ರಮ ಅಲ್ವಾ..."

"ಹೌದು, ಆಶ್ರಮ. ಮೀನಿಗೆ ದೀಕ್ಷೆ ಕೊಟ್ಟೋರು ಯಾರು? ನಾನಂತೂ ಕೊಟ್ಟಿಲ್ಲ."

ಗುರುಗಳು ಎದ್ದು ಕೊಟ್ಟಿಗೆಯ ಹಿಂದಿನ ಕಲ್ಲುಬಾನಿಯ ಹತ್ತಿರ ಹೋದರು. ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳು ಕೊಂಕುತ್ತ ಮೇಲೆ ಕೆಳಗೆ ಆಡುತ್ತಿದ್ದವು. ಒಂದು ಬಟ್ಟಲು ಮೊಗೆದು ತಂದರು.

"ಇವು ರೆಕ್ಕೆ ಬಂದ ಮೇಲೆ ಶೇಷಣ್ಣನ್ನ ಕಚ್ಚಬೇಕಿತ್ತು. ಅವನ ಪುಣ್ಯ ದೊಡ್ಡದು."

ಕುಮುದಾ ಅವನ್ನು ಜಾಡಿಗೆ ಬಿಟ್ಟಳು. ಗಾಜಿಗೆ ಮೂಗು ಒತ್ತಿ ಕೂತಳು.

"ತಿನ್ನು ಮರಿ. ಒಂದೇ ಒಂದು. ನೋಡು, ಅಲ್ಲೇ ಇದೆ, ನಿನ್ನ ಮುಂದೇನೇ." ಉಗುರಿನಿಂದ ಗಾಜು ತಟ್ಟಿ ತೋರಿಸಿದಳು.

ಮೀನು ಕಿವಿರುಗಳನ್ನು ಕೊಡೆಯಂತೆ ಬಿಡಿಸಿತು. ಅವಳ ಮುಖಕ್ಕೆ ಎದುರಾಗಿ ನೆಟ್ಟಗೆ ನಿಂತಿತು. ಹುಳಗಳು ಅದರ ಮೂಗಿನಡಿಯಲ್ಲೇ ಹಾದುಹೋದವು. ಅದು ಅವುಗಳ ಕಡೆ ನೋಡಲೂ ಇಲ್ಲ.

"ನನ್ನ ಕೈಲಿ ಆಗಲ್ಲ ಗುರುಗಳೇ," ಕುಮುದಾಳ ಕಣ್ಣು ತುಂಬಿತು. "ನನ್ನ ಕಂಡ್ರೇನೇ ಅದಕ್ಕೆ ಆಗಲ್ಲ. ಬೇರೆ ಯಾರಿಗಾದ್ರೂ ಕೊಟ್ಬಿಡಿ. ಹೀಗೇ ಇದ್ರೆ ಸತ್ತೇ ಹೋಗುತ್ತೆ."

"ನೀನು ಬೆಳಗ್ಗೆ ತಿಂಡಿ ತಿಂದೆಯಾ?"

"ಅದು ತಿನ್ನದೆ ನಾನು ಹೇಗೆ ತಿನ್ಲಿ?"

"ಸರಿಹೋಯ್ತು. ಇಬ್ಬರು ಉಪವಾಸ."

ಅಷ್ಟರಲ್ಲಿ ಶೇಷಣ್ಣ ನೈವೇದ್ಯದ ತಟ್ಟೆ ತಂದ. ಮಧ್ಯಾಹ್ನದ ನೈವೇದ್ಯ ಇಡುವುದು ಕುಮುದಾಳ ಕೆಲಸ. ಅವಳು ಕಣ್ಣೊರೆಸಿ, ಕೈ ತೊಳೆದು, ದೇವರ ಮುಂದೆ ಅನ್ನ ಪಾಯಸ ಇಟ್ಟಳು. ತುಳಸಿ ದಳ ಹಾಕಿದಳು. ಪರದೆ ಎಳೆದು ಹೊರಗೆ ಬಂದು, ದೇವರ ಕೋಣೆಗೆ ಬೆನ್ನು ಮಾಡಿ ನಿಂತಳು.

ಗುರುಗಳು ಬಾಗಿಲಲ್ಲಿದ್ದರು. "ಪರದೆ ಯಾಕೆ ಎಳೆದೆ?"

"ದೇವರು ಊಟ ಮಾಡೋವಾಗ ನೋಡಬಾರದು ಅಂತ."

"ಯಾರು ಹೇಳಿದ್ದು?"

"ನೀವೇ."

"ಯಾಕೆ ನೋಡಬಾರದಂತೆ?"

"ಯಾರಾದ್ರೂ ನೋಡ್ತಾ ಇದ್ರೆ ದೇವರಿಗೂ ಸಂಕೋಚ ಆಗುತ್ತೆ ಅಂದಿದ್ರಿ."

"ಹಾಗಂದಿದ್ನಾ? ಪರವಾಗಿಲ್ಲ, ಚೆನ್ನಾಗೇ ಹೇಳಿದ್ದೀನಿ."

ಗುರುಗಳು ಹೆಗಲ ಮೇಲಿನ ವಸ್ತ್ರ ತೆಗೆದು ಅವಳ ಕೈಯಲ್ಲಿಟ್ಟರು.

ಕುಮುದಾ ವಸ್ತ್ರವನ್ನು ನೋಡಿದಳು. ಗುರುಗಳನ್ನು ನೋಡಿದಳು. ಜಗಲಿಗೆ ಓಡಿದಳು.

ವಸ್ತ್ರವನ್ನು ಜಾಡಿಯ ಸುತ್ತ ಮೆತ್ತಗೆ ಇಳಿಬಿಟ್ಟಳು. ಮೇಲೆ ಗಾಳಿಗೆ, ಬೆಳಕಿಗೆ ಜಾಗ ಬಿಟ್ಟಳು. ಜಾಡಿಗೆ ಬೆನ್ನು ಹಾಕಿ, ಹೊಳೆಯ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತಳು. ಗುರುಗಳೂ ಬಂದು ಪಕ್ಕದಲ್ಲಿ ಕೂತರು.

"ತಿನ್ತಾ ಇರಬಹುದಾ?"

"ನನಗೇನಮ್ಮ ಗೊತ್ತು? ನನಗೂ ಬೆನ್ನಲ್ಲಿ ಕಣ್ಣಿಲ್ಲ."

"ಒಂದೇ ಸಲ ತಿರುಗಿ ನೋಡ್ಲಾ?"

"ದೇವರ ಕೋಣೆ ಪರದೆ ಎತ್ತಿ ನೋಡ್ತೀಯಾ?"

"ಇಲ್ಲ."

"ಮತ್ತೆ?"

ಹೊಳೆಯಲ್ಲಿ ಯಾರದೋ ತೆಪ್ಪ ಹೋಯಿತು. ಬಟ್ಟೆ ಒಗೆಯುವ ಸದ್ದು ಆಚೆ ದಡದಿಂದ ಬಂತು. ಕುಮುದಾ ಎರಡು ಕೈಯನ್ನೂ ಮಂಡಿಯ ನಡುವೆ ಬಿಗಿಹಿಡಿದು ಕೂತಿದ್ದಳು.

ಹಿಂದಿನಿಂದ ಒಂದು ಸಣ್ಣ ಸದ್ದು. ಪುಳಕ್.

ಅವಳು ಕಿವಿಗೊಟ್ಟಳು.

ಮತ್ತೆ. ಪುಳಕ್.

"ಕೇಳಿಸ್ತಾ ಗುರುಗಳೇ?"

"ಶ್. ಊಟದ ಹೊತ್ತು."

ಕುಮುದಾ ಬಾಯಿ ಮುಚ್ಚಿಕೊಂಡು ನಕ್ಕಳು. ನಗುವಿನ ಜೊತೆ ಕಣ್ಣೀರೂ ಬಂತು.

ಶೇಷಣ್ಣ ಅವಳಿಗೆ ಎಲೆಯಲ್ಲಿ ಅನ್ನ ಸಾರು ತಂದು ಜಗಲಿಯ ಮೇಲಿಟ್ಟ. ಸೊಂಟಕ್ಕೆ ಕೈಕೊಟ್ಟು ಎದುರಿಗೇ ನಿಂತ.

"ನಿನ್ನ ಬೆಟ್ಟ ಊಟಕ್ಕೆ ಕೂತಾಯ್ತು. ಇನ್ನು ನೀನು ತಿನ್ನು. ಹಾಂ, ಕಲಸು. ಸಾರು ಸಾಕಾ? ತುಪ್ಪ ಹಾಕ್ಲಾ? ಯಾಕೆ ಕೈ ನಿಲ್ಲಿಸಿದೆ? ತಿನ್ನಮ್ಮ."

ಕುಮುದಾಳ ಕೈ ಅನ್ನದ ಮೇಲೆಯೇ ನಿಂತಿತು.

"ಶೇಷಣ್ಣ," ಎಂದರು ಗುರುಗಳು, "ಒಲೆ ಮೇಲೆ ಏನೋ ಸೀದ ವಾಸನೆ."

"ಅಯ್ಯೋ, ಪಲ್ಯ!" ಶೇಷಣ್ಣ ಓಡಿದ.

ಯಾವ ವಾಸನೆಯೂ ಇರಲಿಲ್ಲ.

ಗುರುಗಳು ಮೆಲ್ಲನೆ ಮಂಡಿ ಹಿಡಿದು ಎದ್ದರು. ಮೂಲೆಯಲ್ಲಿದ್ದ ತಾಮ್ರದ ಚೊಂಬು ಕೈಗೆತ್ತಿಕೊಂಡರು.

"ಎಲ್ಲಿಗೆ ಹೊರಟ್ರಿ ಗುರುಗಳೇ?"

"ಗಿಡಕ್ಕೆ ನೀರು ಹಾಕಿ ಬರ್ತೀನಿ."

ಅದೇ ಚೊಂಬು. ಅದೇ ಮಾತು. ಅವಳು ಬಂದ ಹೊಸದರಲ್ಲೂ ಹೀಗೆಯೇ. ಎಲೆ ಹಾಕಿ, ಬಡಿಸಿ, ಇನ್ನೇನು ಅವಳು ಕೈ ಇಡಬೇಕು ಅನ್ನುವಾಗ ಗುರುಗಳು ಎದ್ದುಹೋಗುತ್ತಿದ್ದರು. ಒಂದು ಕೈಯಲ್ಲಿ ಚೊಂಬು. ಇನ್ನೊಂದು ಕೈಯಲ್ಲಿ ಕೊಡೆ. ಗುರುಗಳಿಗೆ ವಯಸ್ಸಾಯಿತು ಎಂದು ಉಳಿದ ಶಿಷ್ಯರು ನಗುತ್ತಿದ್ದರು. ಆ ಹೊತ್ತಿನಲ್ಲಿ ಅವಳು ಒಬ್ಬಳೇ ಕೂತು ಗಬಗಬ ಉಂಡು ಮುಗಿಸುತ್ತಿದ್ದಳು.

ಗುರುಗಳು ಆಗಲೇ ಅಂಗಳಕ್ಕೆ ಇಳಿದಿದ್ದರು.

"ಗುರುಗಳೇ," ಎಂದಳು ಕುಮುದಾ. "ಆಷಾಢದ ಅಷ್ಟು ಮಳೇಲಿ ಯಾರಾದ್ರೂ ಗಿಡಕ್ಕೆ ನೀರು ಹಾಕ್ತಾರಾ?"

ಗುರುಗಳು ನಿಂತರು. ತಿರುಗಿ ನೋಡಲಿಲ್ಲ.

"ನಿಧಾನವಾಗಿ ಊಟ ಮಾಡು ತಾಯಿ. ನೀರು ಹಾಕೋ ಗಿಡ ಇನ್ನೂ ಬಹಳ ಇವೆ."