ನಕ್ಷೆಗಾರನ ಕಂಪ್ಯೂಟರ್

"ಗುರುಗಳೇ, ಕಂಪ್ಯೂಟರಿಗೆ ಹಾಕುವ ಆಪರೇಟಿಂಗ್ ಸಿಸ್ಟಂನಲ್ಲಿ ಹೋಮ್ ಎಂದು ಒಂದು, ಪ್ರೊಫೆಷನಲ್ ಎಂದು ಇನ್ನೊಂದು ಇದೆಯಂತೆ. ಎರಡರಲ್ಲಿ ಯಾವುದು ಮೇಲು?" ಎಂದು ಚೆನ್ನಮಲ್ಲ ಕೇಳಿದ. ಮಠದ ಶಾಲೆಗೆ ಕಂಪ್ಯೂಟರ್ ತರುವ ಕೆಲಸ ಅವನ ಪಾಲಿಗೆ ಬಂದಿತ್ತು.

ಗುರುಗಳು ಹೇಳಿದರು:

ಒಬ್ಬ ನಕ್ಷೆಗಾರನಿದ್ದ. ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವುದು ಅವನ ಕಸುಬು. ಮನೆಯಲ್ಲಿದ್ದ ಕಂಪ್ಯೂಟರಿನಲ್ಲಿ ಹೋಮ್ ಇತ್ತು. ಅವನ ಹೆಂಡತಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಫೋನಿನ ಸಣ್ಣ ಅಕ್ಷರ ಅವಳ ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಹೇಳಬೇಕಾದದ್ದನ್ನು ಕಂಪ್ಯೂಟರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡುತ್ತಿದ್ದಳು. ಸಂಜೆ ನಕ್ಷೆ ಬರೆಯಲು ಮನೆಗೆ ಬಂದವನು ಮೊದಲು ಅದನ್ನು ಓದಿ, ಪಕ್ಕದಲ್ಲಿ ಕೂತು ಉತ್ತರ ಹೇಳುತ್ತಿದ್ದ.

ಪ್ರೊಫೆಷನಲ್‌ನಲ್ಲಿ ಹೆಚ್ಚಿಗೆ ಏನಿದೆ ಎಂಬ ಕುತೂಹಲ ಅವನಿಗೂ ಇತ್ತು. ಅಂಗಡಿಯವನನ್ನು ಕೇಳಿದ.

"ದಿನನಿತ್ಯದ ಕೆಲಸಕ್ಕೆ ಎರಡೂ ಒಂದೇ ಸಾರ್. ಆದರೆ ಪ್ರೊಫೆಷನಲ್ ಇದ್ದರೆ ನೀವು ಯಾವ ಊರಲ್ಲಿದ್ದರೂ ಅಲ್ಲಿಂದಲೇ ಮನೆಯ ಕಂಪ್ಯೂಟರಿನೊಳಗೆ ಬಂದು ಕೆಲಸ ಮಾಡಬಹುದು."

ಅದನ್ನೇ ಹಾಕಿಸಿಕೊಂಡ. ಪರವೂರಿನಲ್ಲಿ ಲ್ಯಾಪ್‌ಟಾಪ್ ತೆರೆದಾಗ ಮನೆಯಲ್ಲಿದ್ದ ನಕ್ಷೆಗಳೆಲ್ಲ ಕಂಡವು. ಮಗುವಿನ ಹಾಗೆ ಹಿಗ್ಗಿದ. ಇನ್ನು ಸಂಜೆಗೆ ಮನೆ ಸೇರುವ ಅವಸರವಿರಲಿಲ್ಲ. ಕೆಲಸ ಊರೂರಿಗೆ ಹರಡಿತು.

ಅವನು ಅಲ್ಲಿಂದ ಕಂಪ್ಯೂಟರಿನೊಳಗೆ ಬಂದೊಡನೆ ಮನೆಯಲ್ಲಿ ಅದರ ಪರದೆ ಮುಚ್ಚಿಕೊಳ್ಳುತ್ತಿತ್ತು. ಮೊದಲ ಸಲ ಹೆಂಡತಿ ಅದನ್ನು ಮತ್ತೆ ತೆರೆದಾಗ ಅವನ ಕೆಲಸ ನಡುವೆಯೇ ನಿಂತುಹೋಯಿತು. "ಈ ನೆಟ್ಟಿನ ಹಣೆಬರಹವೇ ಇಷ್ಟು" ಎಂದು ಅವನು ಫೋನಿನಲ್ಲಿ ಗೊಣಗಿದ. ತಾನು ತೆರೆದದ್ದರಿಂದಲೇ ಹೀಗಾಯಿತೆಂದು ಅವಳಿಗೆ ಅರ್ಥವಾಯಿತು. ಅಂದಿನಿಂದ ಪರದೆ ಮುಚ್ಚಿದರೆ ಮುಟ್ಟದೆ ಕಾಯುತ್ತಿದ್ದಳು. ಅವನಿಗೆ ಇದು ತಿಳಿಯದು. ಒಳಗೆ ಹೋದಾಗಲೆಲ್ಲ ಅವಳ ಪುಟ ಎದುರಿಗೇ ಇರುತ್ತಿತ್ತು. ಮನೆಗೆ ಹೋದಾಗ ಓದಿದರಾಯಿತೆಂದು ಬದಿಗೆ ಸರಿಸಿ ನಕ್ಷೆ ತೆಗೆಯುತ್ತಿದ್ದ.

ಒಂದು ಮಧ್ಯಾಹ್ನ ಕಣ್ಣು ಆ ಪುಟದ ಮೇಲೆ ನಿಂತಿತು. "ಗಂಟಲಲ್ಲಿ ಮತ್ತೆ ಗಂಟು ಕೈಗೆ ಸಿಗುತ್ತಿದೆ. ನೀವು ಬಂದ ಮೇ" ಎಂದಿತ್ತು. ಮುಂದಿನ ಅಕ್ಷರಕ್ಕೆ ಕಾದ. ಬರಲಿಲ್ಲ. ಈಗಷ್ಟೇ ಅವಳು ಅಲ್ಲಿ ಕೂತು ಬರೆಯುತ್ತಿದ್ದಳು, ತಾನು ಬಂದು ಅವಳ ಮಾತನ್ನು ಕಡಿದೆ ಎಂದು ಆಗ ಹೊಳೆಯಿತು.

ಸಿಕ್ಕ ಬಸ್ಸು ಹತ್ತಿ ಮನೆಗೆ ಬಂದ. ಅವಳು ಮುಚ್ಚಿದ ಪರದೆಯ ಮುಂದೆ ಸುಮ್ಮನೆ ಕೂತಿದ್ದಳು. ಅವನು ತೆರೆದುಕೊಟ್ಟು ಪಕ್ಕದಲ್ಲಿ ಕೂತ. ಅವಳು ಅವನ ಮುಖವನ್ನೊಮ್ಮೆ ನೋಡಿ, ಬಿಟ್ಟಲ್ಲಿಂದಲೇ ಬರೆದಳು: "ಲೆ ಆಸ್ಪತ್ರೆಗೆ ಹೋಗೋಣ."

ಡಾಕ್ಟರು ಗಂಟು ತೆಗೆದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು. ನಕ್ಷೆಗಾರ ಪ್ರೊಫೆಷನಲ್ ಅನ್ನು ತೆಗೆಸಲಿಲ್ಲ. ಪರವೂರಿನಿಂದ ಕಂಪ್ಯೂಟರಿನೊಳಗೆ ಹೋಗುವ ಮುಂಚೆ ಮನೆಗೆ ಫೋನ್ ಮಾಡುತ್ತಿದ್ದ. ಆ ಕಡೆಯಿಂದ ಅವಳು ಚಿಟಿಕೆ ಹೊಡೆದರೆ ಮಾತ್ರ ಹೋಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲ, "ಹಾಗಾದರೆ ಶಾಲೆಗೆ ಯಾವುದನ್ನು ತರಲಿ?" ಎಂದ.

"ಅದರ ಮುಂದೆ ಕೂರುವವರು ಯಾರು, ಚೆನ್ನಮಲ್ಲ?"