ಅಳುವವನಿಗೊಂದು ಮರೆ

"ಗುರುಗಳೇ, ದಾರಿಯಲ್ಲಿ ಹೋಗುವವನ ಚಿತ್ರ ತೆಗೆದರೆ ಅವನದೇನು ಸವೆಯುತ್ತದೆ? ಮುಖ ಅವನ ಹತ್ತಿರವೇ ಇರುತ್ತದಲ್ಲ. ಮತ್ತೆ ಜನ ಯಾಕೆ ಸಿಡುಕುತ್ತಾರೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಹೊಳೆ, ಹೊಳೆಯ ದಡದಲ್ಲಿ ಒಂದು ಊರು. ಅಲ್ಲಿ ಒಬ್ಬ ಹರಿಗೋಲಿನವನಿದ್ದ. ಅವನಿಗೆ ಒಬ್ಬಳೇ ಮಗಳು. ಜ್ವರ ಬಂದು ಆ ಮಗು ತೀರಿಕೊಂಡಿತು.

ಆ ಊರಿನಲ್ಲಿ ಒಂದು ಪದ್ಧತಿ. ಮಣ್ಣು ಮಾಡಿ ಬಂದ ಮೇಲೆ ಕಳೆದುಕೊಂಡವನು ಹೊಳೆಗೆ ಇಳಿಯಬೇಕು. ಜೊತೆಗೆ ಬಂದವರೆಲ್ಲ ದಡದಲ್ಲಿ ಅವನಿಗೆ ಬೆನ್ನು ಹಾಕಿ ನಿಲ್ಲಬೇಕು. ಗಂಡಸು ಮನೆಯಲ್ಲಿ ಅಳುವ ಹಾಗಿಲ್ಲ, ಬೀದಿಯಲ್ಲಿ ಅಳುವ ಹಾಗಿಲ್ಲ. ಅಳುವುದೆಲ್ಲ ಅಲ್ಲಿಯೇ. ಅತ್ತು ಮುಗಿಸಿ ಅವನಾಗಿ "ನಡೀರಪ್ಪ" ಎನ್ನುವ ತನಕ ಯಾರೂ ತಿರುಗಿ ನೋಡುವಂತಿಲ್ಲ.

ಹರಿಗೋಲಿನವನು ಮೊಣಕಾಲುದ್ದ ನೀರಿನಲ್ಲಿ ನಿಂತು ಎದೆ ಒಡೆಯುವ ಹಾಗೆ ಅತ್ತ. ಎದುರು ದಡದಲ್ಲಿ ಊರೂರು ಸುತ್ತುವ ಒಬ್ಬ ಕ್ಯಾಮೆರಾದವನು ಕೂತಿದ್ದ. ಊರವರೆಲ್ಲ ಬೆನ್ನು ಹಾಕಿ ನಿಂತಿದ್ದರಿಂದ ಅವನು ಯಾರ ಕಣ್ಣಿಗೂ ಬೀಳಲಿಲ್ಲ. ಚಿತ್ರ ತೆಗೆದುಕೊಂಡು ಹೊರಟುಹೋದ.

ಚಿತ್ರಕ್ಕೆ ಹೆಸರು ಬಂತು. ಕಂಡವರೆಲ್ಲ ಕಣ್ಣೊರೆಸಿಕೊಂಡರು. ಕೆಲವೇ ದಿನಗಳಲ್ಲಿ, ಹೊಳೆ ದಾಟಲು ಬಂದ ಪರಸ್ಥಳದವರು ಹರಿಗೋಲಿನಲ್ಲಿ ಕೂತು ನೀರು ನೋಡುವುದು ಬಿಟ್ಟು ಅವನ ಮುಖ ನೋಡತೊಡಗಿದರು.

"ಅಣ್ಣಾ, ಅಳೋ ಫೋಟೋದಲ್ಲಿರೋನು ನೀನೇ ತಾನೆ?"

"ಹುಟ್ಟು ಹಾಕೋನು ನಾನು. ಫೋಟೋ ಗೀಟೋ ಗೊತ್ತಿಲ್ಲ."

"ಅಯ್ಯೋ, ನೀನೇ ಕಣಣ್ಣ! ಎಲ್ಲಿ, ಒಂದ್ಸಲ ಹಂಗೇ ಮುಖ ಮಾಡು."

ಅವನು ಮುಖ ತಿರುಗಿಸಿದ. ತಿರುಗಿಸಿದ ಮುಖವನ್ನೂ ಫೋನಿನಲ್ಲಿ ಹಿಡಿದುಕೊಂಡರು. "ಫೋಟೋದಲ್ಲೇ ಚೆನ್ನಾಗಿದ್ದ" ಎಂದು ಒಬ್ಬಳು ಮೂಗು ಮುರಿದಳು.

ಊರವರ ಹತ್ತಿರ ಹೇಳಿಕೊಂಡ. "ನಿನ್ನಿಂದ ಊರಿಗೇ ಹೆಸರು ಬಂತು, ಸುಮ್ಮನಿರಪ್ಪ" ಎಂದರು.

ಮರುವರ್ಷ ಅವನ ಹೆಂಡತಿಯೂ ಮಗಳ ದಾರಿ ಹಿಡಿದಳು.

ಮಣ್ಣು ಮಾಡಿ ಹೊಳೆಗೆ ಬಂದರು. ಊರವರು ಬೆನ್ನು ಹಾಕಿ ನಿಂತರು. ಹರಿಗೋಲಿನವನು ನೀರಿಗಿಳಿದು ತಲೆ ಎತ್ತಿದ. ಎದುರು ದಡದ ತುಂಬ ಜನ. ಸುದ್ದಿ ಕೇಳಿ ಬಂದಿದ್ದರು, ಎಲ್ಲರ ಕೈಯಲ್ಲೂ ಫೋನು. ಗಂಟಲವರೆಗೆ ಬಂದ ಅಳು ಅಲ್ಲಿಯೇ ನಿಂತಿತು. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ. ಹಿಂದೆ ಊರಿನ ಬೆನ್ನು, ಮುಂದೆ ಪರರ ಕಣ್ಣು. ಇನ್ನು ಮರೆ ಎಂದರೆ ನೀರೊಂದೇ. ಅವನು ಆಳಕ್ಕೆ ನಡೆದು ಮುಳುಗಿದ. ನೀರಿನೊಳಗೆ ಬಾಯಿ ಬಿಟ್ಟು ಅತ್ತ.

ನಡೆಯಲು ಕಲಿಯುವ ಮೊದಲೇ ಈಜು ಕಲಿತವನು. ಆದರೆ ನೀರಿನೊಳಗೆ ಅಳುವುದು ಯಾವ ಈಜುಗಾರನಿಗೂ ಬಾರದು.

ಊರವರು "ನಡೀರಪ್ಪ" ಎಂಬ ಮಾತಿಗೆ ಕಾದು ನಿಂತೇ ಇದ್ದರು. ಎದುರು ದಡದವರು, ಅವನು ಮೇಲೇಳುವ ಗಳಿಗೆ ಎಲ್ಲಿ ತಪ್ಪಿಹೋದೀತೋ ಎಂದು, ಎತ್ತಿದ ಕೈ ಇಳಿಸದೆ ನಿಂತೇ ಇದ್ದರು.

ಗುರು ಮಾತು ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ: "ಗುರುಗಳೇ, ಆ ಮೊದಲನೆಯ ಚಿತ್ರ ಈಗ ಎಲ್ಲಿದೆ?"

"ಯಾಕೆ," ಎಂದರು ಗುರು, "ನಿನಗೂ ನೋಡಬೇಕೆನಿಸಿತೇ?"